ಮೂರು ಮಳೆಗಾಲ ಬಳಸಿದ ಮಳೆಮಾಪಕದ ರಿವ್ಯೂ, ಜೊತೆಗೆ ನೊಬೆಲ್ ಶಾಂತಿ ಪ್ರಶಸ್ತಿಯ ವಿಷಯ

ಈ ಪ್ಲಾಸ್ಟಿಕ್ ಮಳೆಮಾಪಕ ನಮ್ಮ ಅಂಗಳಕ್ಕೆ ಬಂದು ಮೂರು ಮಳೆಗಾಲ ಆಯ್ತು, 2023, 24, 25. ಆನ್‌ಲೈನಲ್ಲಿ ತರಿಸಿದ್ದು. ಅಲ್ಲಿ ರಿವ್ಯೂ ಬರೆದವರು ಹೆಚ್ಚಿನವರೂ ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದವರು, ವಾರದಲ್ಲಿ ಮಳೆಮಾಪಕದ ಬಗ್ಗೆ ಎಂತ ಗೊತ್ತಾಗ್ತದೆ ಮಾರಾಯ್ರೆ, ಅದಕ್ಕೆ ನಮ್ಮ ಕಾಸರಗೋಡಿನ ಪೆರ್ಲ ಕಡೆಯ, ಜೋರು ಮಳೆಯ ಒಂದು ಆಟಿ ತಿಂಗಳಾದ್ರೂ ಕಳೀಬೇಕು. ಹಾಗಾಗಿ ಸಾವಕಾಶ ಬರೀತಿದ್ದೇನೆ. ಇನ್ನೊಂದು ಕಾರಣವೂ ಉಂಟು. ಕಳೆದ ಅಕ್ಟೋಬರಿನಲ್ಲಿ ಶಾಂತಿ ಪ್ರಶಸ್ತಿಯ ಸುದ್ದಿ ಬಂದ ದಿನ ಭಾವ ನಮ್ಮಲ್ಲಿಗೆ ಬಂದಿದ್ರು, ಟಿವಿ ನೋಡ್ತಾ ಹಿಂದಿನ ಪ್ರಶಸ್ತಿಗಳ ಮಾತು ಬಂತು, "ಅಲ್ಲ ಭಾವ, 2007ರಲ್ಲಿ ಹವಾಮಾನದ ಬಗ್ಗೆ ಮಾತಾಡಿದವರಿಗೆ ಕೊಟ್ರಲ್ಲ, ಮಳೆಗೂ ಶಾಂತಿಗೂ ಎಂತ ಸಂಬಂಧ?" ಅಂತ ಕೇಳಿದ್ರು. ನಾನು ಎದ್ದು ಹೋಗಿ ಈ ಮಳೆಮಾಪಕದ ಜೊತೆಗಿರುವ ನೋಟ್‌ಬುಕ್ ತಂದು ಅವರ ಮುಂದೆ ಇಟ್ಟೆ. ಅವತ್ತು ಮಾತು ಪೂರ್ತಿ ಆಗ್ಲಿಲ್ಲ, ಅವರಿಗೆ ಕಡೇ ಬಸ್ಸಿಗೆ ಹೋಗ್ಲಿಕ್ಕಿತ್ತು. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೀತೇನೆ.

ಮೊದಲು ಸಾಮಾನಿನ ವಿಷಯ. ಮೇಲೆ ನಾಲ್ಕಿಂಚು ಅಗಲದ ಆಲಿಕೆ, ಅದರ ಕೆಳಗೆ ಸಪೂರದ ಒಳಕೊಳವೆ, ಎರಡನ್ನೂ ಹಿಡಿದುಕೊಳ್ಳುವ ಹೊರಗಿನ ದೊಡ್ಡ ಕೊಳವೆ. ಆಲಿಕೆಯ ಬಾಯಿ ಒಳಕೊಳವೆಗಿಂತ ವಿಸ್ತೀರ್ಣದಲ್ಲಿ ಹತ್ತು ಪಟ್ಟು ದೊಡ್ಡದು, ಹಾಗಾಗಿ ಒಂದು ಮಿಲಿಮೀಟರ್ ಮಳೆ ಬಂದ್ರೆ ಒಳಗೆ ಹತ್ತು ಮಿಲಿಮೀಟರ್ ಎತ್ತರಕ್ಕೆ ನೀರು ನಿಲ್ತದೆ, ಕನ್ನಡಕ ಹಾಕದಿದ್ರೂ ಓದ್ಲಿಕ್ಕೆ ಆಗ್ತದೆ. ಒಂದು ಮಿಲಿಮೀಟರ್ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು, ಇಷ್ಟು ತಿಳ್ಕೊಂಡ್ರೆ ನಿಮ್ಮ ಮಾಡಿನ ಮೇಲೆ ಎಷ್ಟು ಸಾವಿರ ಲೀಟರ್ ಬಿತ್ತು ಅಂತ ಬಾಯಿಲೆಕ್ಕದಲ್ಲೇ ಹೇಳ್ಬಹುದು. ನಮ್ಮ ಕಾಸರಗೋಡಿಗೆ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಮಳೆ ಬರ್ತದೆ, ಆದ್ರೂ ಮಾರ್ಚಿಗೆ ತೋಡು, ಅಂದ್ರೆ ಊರಿನ ಸಣ್ಣ ಹಳ್ಳ, ಒಣಗ್ತದೆ, ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ನೂಲಿನ ಹಾಗೆ ನೀರು. ಇದನ್ನು ನಾನು ಸಣ್ಣದಿರುವಾಗಿಂದ ನೋಡ್ತಾ ಬಂದದ್ದು, ಆದ್ರೆ ಲೆಕ್ಕ ಹಾಕಿ ನೋಡಿದ್ದು ಈ ಕೊಳವೆ ಬಂದ ಮೇಲೆ.

ಒಳಕೊಳವೆ ಹಿಡಿಯುದು 25 ಮಿಲಿಮೀಟರ್ ಮಾತ್ರ. ಅದಕ್ಕಿಂತ ಜಾಸ್ತಿ ಬಂದದ್ದು ಹೊರಕೊಳವೆಗೆ ತುಂಬಿ ಹೋಗ್ತದೆ, ಬೆಳಿಗ್ಗೆ ಅದನ್ನು ಪುನಃ ಒಳಕೊಳವೆಗೆ ಹೊಯ್ದು ಹೊಯ್ದು ಅಳೀಬೇಕು. ಬೇರೆ ಊರಿನವರಿಗೆ ಇದು ದೊಡ್ಡ ಕೆಲಸ ಅಲ್ಲದೆ ಇರ್ಬಹುದು, ನಮ್ಮಲ್ಲಿ ಜೂನ್ ಜುಲೈ ದಿನಾ ಇದೇ ಕೆಲಸ. 2024ರಲ್ಲಿ ಗುಡ್ಡ ಜರಿದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿ ಹೋದ ವಾರ, ಜುಲೈ ಕೊನೆ, ಇಲ್ಲಿಯೂ ರಾತ್ರಿಯಿಡೀ ಹಂಚಿನ ಮೇಲೆ ಒಂದೇ ಸಮ ಸದ್ದು. ಬೆಳಿಗ್ಗೆ ಕೊಡೆ ಹಿಡ್ಕೊಂಡು ಟಾರ್ಚ್ ಬಾಯಲ್ಲಿ ಕಚ್ಚಿ ಹೊರಕೊಳವೆ ಬಗ್ಗಿಸಿ ಹೊಯ್ದೆ, ಒಂದು, ಎರಡು, ಮೂರು, ಆರನೇ ಸಲ ತುಂಬಿ ಚೆಲ್ಲಿ ಮತ್ತೂ ಉಳಿದಿತ್ತು. ಕೈ ನಡುಗ್ತಿತ್ತು, ಚಳಿಗೆ ಅಲ್ಲ. ಅಷ್ಟು ಹೊತ್ತಿಗಾಗ್ಲೇ ಫೋನಿನಲ್ಲಿ ಅಲ್ಲಿಯ ಫೋಟೋಗಳು ಬರ್ಲಿಕ್ಕೆ ಸುರುವಾಗಿತ್ತು. ವಯನಾಡಿನ ಆ ಮಳೆಯನ್ನು ಲೆಕ್ಕ ಹಾಕಿದ ವಿಜ್ಞಾನಿಗಳ ತಂಡ ಆಮೇಲೆ ಹೇಳಿದ್ದು, ಭೂಮಿ ಬಿಸಿ ಆದ ಕಾರಣ ಆ ದಿನದ ಮಳೆಯ ಜೋರು ಸುಮಾರು ಹತ್ತು ಪರ್ಸೆಂಟ್ ಹೆಚ್ಚಾಗಿತ್ತು ಅಂತ. ಹತ್ತು ಪರ್ಸೆಂಟ್ ಅಂದ್ರೆ ಕೇಳ್ಲಿಕ್ಕೆ ಸಣ್ಣ ಲೆಕ್ಕ, ನನ್ನ ಕೈಯಲ್ಲಿದ್ದ ಆ ನೀರಿನ ಹತ್ತನೇ ಒಂದು ಪಾಲು ಎಷ್ಟು ಭಾರ ಅಂತ ನನಗೆ ಗೊತ್ತುಂಟು, ಅದನ್ನು ಒಂದು ಗುಡ್ಡದ ವಿಸ್ತಾರಕ್ಕೆ ಗುಣಿಸಿ ನೋಡಿ.

ಫಿಕ್ಸ್ ಮಾಡುವ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಮೊದಲ ವರ್ಷ ನಾನು ಅಡಿಕೆ ಮರದ ಕಂಬ ಹುಗಿದು ಅಂಗಳದ ಕೊನೆಯಲ್ಲಿ ಇಟ್ಟೆ, ಅಡುಗೆಮನೆ ಕಿಟಕಿಯಿಂದ ಕಾಣ್ಲಿ ಅಂತ. ಅದಕ್ಕೆ ಒಂದು ಬದಿಯಲ್ಲಿ ಹಲಸಿನ ಮರ. ಗಾಳಿ ಪಡುವಣದಿಂದ ಬೀಸುವಾಗ ಮರ ಮಳೆಯನ್ನು ತಡೀತದೆ, ಮಳೆ ನಿಂತ ಮೇಲೆ ಎಲೆಯಿಂದ ಹನಿ ಬೀಳ್ತಾ ಇರ್ತದೆ, ಎರಡೂ ಸೇರಿ ರೀಡಿಂಗ್ ಕೆಟ್ಟು ಹೋಗ್ತದೆ. ಒಂದೂವರೆ ತಿಂಗಳು ಹಾಗೇ ಬರೆದೆ. ಮತ್ತೆ ಸುಳ್ಯ ಕಡೆಯಲ್ಲಿ ವರ್ಷಗಟ್ಟಲೆಯಿಂದ ಮಳೆ ಬರೆದಿಡುವ ಹಿರಿಯ ಕೃಷಿಕರೊಬ್ರು ಫೋನಲ್ಲಿ ಕೇಳಿದ್ರು, "ಹತ್ರ ಮರ ಉಂಟಾ? ಅದರ ಎತ್ತರದ ಎರಡು ಪಟ್ಟಾದ್ರೂ ದೂರ ಇಡ್ಬೇಕು, ಇಲ್ಲದಿದ್ರೆ ನೀವು ಅಳೆಯುದು ಮರದ ಮಳೆ." ತೆಗೆದು ಅಡಿಕೆ ಒಣಗಿಸುವ ಬಯಲು ಅಂಗಳ, ನಮ್ಮ ಜಾಲು, ಅದರ ನಡುವೆ ಜಿಐ ಪೈಪಿಗೆ ಕಟ್ಟಿದೆ. ಅಡಿಕೆ ಕಂಬ ಹೇಗೂ ಎರಡನೇ ವರ್ಷಕ್ಕೆ ಒರಲೆ ತಿಂದು ಹೋಗ್ತಿತ್ತು. ನೋಟ್‌ಬುಕ್‌ನ ಆ ಒಂದೂವರೆ ತಿಂಗಳ ಪುಟಗಳಿಗೆ ಕೆಂಪು ಶಾಯಿಯಲ್ಲಿ "ಜಾಗ ಸರಿ ಇಲ್ಲ" ಅಂತ ಬರೆದಿದ್ದೇನೆ, ಹರಿದು ಹಾಕ್ಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಓದ್ಬೇಕು, ಹವಾಮಾನ ಇಲಾಖೆಯವರ ದಿನ ಸುರುವಾಗುದು ಆ ಹೊತ್ತಿಗೆ. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಅದು ಲೆಕ್ಕಕ್ಕೆ ಮಳೆಯ ದಿನ, 64.5 ದಾಟಿದ್ರೆ ಭಾರೀ ಮಳೆ, 204.4 ದಾಟಿದ್ರೆ ಅತಿ ಅತಿ ಭಾರೀ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ರೀತಿಯಲ್ಲಿ ಅಳೆದ್ರೆ ಮಾತ್ರ ಪೆರ್ಲದ ಮಳೆಯನ್ನು ಮುಳ್ಳೇರಿಯದ ಮಳೆ ಜೊತೆ ಹೋಲಿಸ್ಲಿಕ್ಕೆ ಆಗುದು.

ಇನ್ನು ತೋಡಿನ ಜಗಳದ ವಿಷಯ, ಭಾವನ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಉಂಟು. ನಮ್ಮ ತೋಡಿಗೆ ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಕಲ್ಲು ಮಣ್ಣು ಹಾಕಿ ಕಟ್ಟ, ಅಂದ್ರೆ ನೀರು ನಿಲ್ಲಿಸುವ ಸಣ್ಣ ಒಡ್ಡು, ಕಟ್ಟುದು ಅಜ್ಜನ ಕಾಲದ ಕ್ರಮ. ಮೇಲೆ ನಾವು ನಾಲ್ಕು ಮನೆ, ತೋಡಿನಾಚೆ ಕೆಳಗೆ ಹಾಜಿಯವ್ರ ತೋಟ ಮತ್ತೆ ಎರಡು ಮನೆ. 2024ರ ಫೆಬ್ರವರಿಯಲ್ಲಿ ಕೆಳಗೆ ನೀರೇ ಇಲ್ಲ. ಕೆಳಗಿನವರು ಹೇಳುದು ಮೇಲಿನವರು ಹಗಲು ರಾತ್ರಿ ಪಂಪು ಓಡಿಸ್ತಾರೆ ಅಂತ, ಮೇಲಿನವರು ಹೇಳುದು ಕೆಳಗಿನವರು ಹೊಸ ಬೋರ್‌ವೆಲ್ ತೆಗೆದದ್ದರಿಂದ ಒರತೆ ಇಂಗಿತು ಅಂತ. ಒಂದು ರಾತ್ರಿ ಯಾರೋ ಕಟ್ಟ ಒಡೆದ್ರು. ಮರುದಿನ ಮಾತು ಬೆಳೀತು, ನಲ್ವತ್ತು ವರ್ಷದಿಂದ ಮದುವೆ ಮುಂಜಿಗೆ ಹೋಗಿ ಬಂದು ಮಾಡಿದವರು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಯ್ತು, ಪೊಲೀಸ್ ಸ್ಟೇಷನ್ ಹೆಸರೂ ಬಾಯಿಗೆ ಬಂತು. ನನಗೆ ಎರಡು ದಿನ ಊಟ ಸೇರ್ಲಿಲ್ಲ.

ಮೂರನೇ ದಿನ ನಾನು ನೋಟ್‌ಬುಕ್ ಹಿಡ್ಕೊಂಡು ಹಾಜಿಯವ್ರ ಮನೆಗೆ ಹೋದೆ, ನಮ್ಮ ಕಡೆಯ ಇಬ್ಬರೂ ಬಂದ್ರು. 2023ರ ಆಗಸ್ಟ್ ಪುಟ ತೆಗೆದು ಚಾವಡಿಯಲ್ಲಿ ಇಟ್ಟೆ. ಸಾಲಾಗಿ ಸೊನ್ನೆ, ಸೊನ್ನೆ, ಒಂದು ಒಂದೂವರೆ, ಪುನಃ ಸೊನ್ನೆ. ಆ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆ ಅತ್ಯಂತ ಒಣ ಆಗಸ್ಟ್ ಆಗಿತ್ತು, ಕೇರಳಕ್ಕೆ ಆ ಮಳೆಗಾಲದಲ್ಲಿ 34 ಪರ್ಸೆಂಟ್ ಕೊರತೆ. ಹಾಜಿಯವ್ರು ಕನ್ನಡಕ ಹಾಕಿ ಬೆರಳಿಟ್ಟು ಒಂದೊಂದೇ ಗೆರೆ ಓದಿದ್ರು. ಕೆಂಪು ಶಾಯಿಯ ಪುಟ ಬಂದಾಗ "ಇದೆಂತ ಭಟ್ರೇ?" ಅಂತ ಕೇಳಿದ್ರು, ಇದು ತಪ್ಪು ರೀಡಿಂಗ್, ಲೆಕ್ಕಕ್ಕೆ ಹಿಡೀಬಾರ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತ್ರು. ಮತ್ತೆ ಹೇಳಿದ್ರು, "ಹಾಗಾದ್ರೆ ನೀರು ನೀವು ಕದ್ದದ್ದಲ್ಲ, ನಾವೂ ಕದ್ದದ್ದಲ್ಲ. ಬರಲೇ ಇಲ್ಲ." ಅಷ್ಟೇ. ನೀರು ಒಂದು ಹನಿ ಹೆಚ್ಚಾಗ್ಲಿಲ್ಲ, ಆದ್ರೆ ಒಂದು ದಿನ ಮೇಲಿನವರು ಒಂದು ದಿನ ಕೆಳಗಿನವರು ಪಂಪು ಹಾಕುದು ಅಂತ ಅಲ್ಲೇ ತೀರ್ಮಾನ ಆಯ್ತು, ಮುಂದಿನ ವರ್ಷ ಕೆಳಗೆ ಇನ್ನೊಂದು ಕಟ್ಟ ಎಲ್ಲರೂ ಸೇರಿ ಕಟ್ಟಿದೆವು.

ಭಾವನಿಗೆ ನಾನು ಹೇಳಿದ್ದು ಇದನ್ನೇ. 2007ರಲ್ಲಿ ಪ್ರಶಸ್ತಿ ಇಬ್ಬರಿಗೆ ಸಮಪಾಲು ಆದದ್ದು, ಹವಾಮಾನದ ಬಗ್ಗೆ ಭಾಷಣ ಮಾಡಿಕೊಂಡು ತಿರುಗಿದ ಅಮೆರಿಕದ ಹಿಂದಿನ ಉಪಾಧ್ಯಕ್ಷ ಆಲ್ ಗೋರ್ ಅವರಿಗೆ ಅರ್ಧ, ಐಪಿಸಿಸಿಗೆ ಅರ್ಧ. ಐಪಿಸಿಸಿ ಅಂದ್ರೆ ಹವಾಮಾನ ಬದಲಾವಣೆಯ ಬಗ್ಗೆ 1988ರಲ್ಲಿ ವಿಶ್ವಸಂಸ್ಥೆಯ ಅಡಿಯಲ್ಲಿ ಸುರುವಾದ ಸಮಿತಿ, ಅವರು ಸ್ವತಃ ಪ್ರಯೋಗ ಮಾಡುವವರಲ್ಲ, ಲೋಕದಲ್ಲಿ ಬಂದ ಸಾವಿರಾರು ಅಧ್ಯಯನಗಳನ್ನು ಓದಿ, ತೂಗಿ, ಇಷ್ಟು ಖಂಡಿತ, ಇಷ್ಟು ಸಂಶಯ ಅಂತ ವರದಿ ಬರೆಯುವವರು. ಬರೆಯುವ ವಿಜ್ಞಾನಿಗಳಿಗೆ ಅದಕ್ಕೆ ಸಂಬಳ ಇಲ್ಲ. ಆ ವರದಿಯ ಸಾರಾಂಶವನ್ನು ಎಲ್ಲ ಸದಸ್ಯ ದೇಶಗಳ ಪ್ರತಿನಿಧಿಗಳು ಕೂತು ಒಂದೊಂದೇ ವಾಕ್ಯ ಓದಿ ಒಪ್ಪಬೇಕು, ಈಗ 195 ದೇಶ ಉಂಟು ಅದರಲ್ಲಿ, ಎಣ್ಣೆ ಮಾರುವ ದೇಶವೂ ಉಂಟು, ಸಮುದ್ರದಲ್ಲಿ ಮುಳುಗ್ತಾ ಇರುವ ದ್ವೀಪವೂ ಉಂಟು. ಒಂದು ಶಬ್ದಕ್ಕೆ ರಾತ್ರಿಯಿಡೀ ಚರ್ಚೆ ಆಗ್ತದೆ. ನಮ್ಮ ಆರೇಳು ಮನೆಗೆ ಒಂದು ಪುಟದ ಸೊನ್ನೆಗಳನ್ನು ಒಪ್ಪಿಸ್ಲಿಕ್ಕೆ ನನಗೆ ಅರ್ಧ ದಿನ ಬೇಕಾಯ್ತು, ಅಷ್ಟು ದೇಶಗಳನ್ನು ಒಂದೇ ಲೆಕ್ಕಕ್ಕೆ ಒಪ್ಪಿಸುದು ಶಾಂತಿಯ ಕೆಲಸ ಅಲ್ಲದೆ ಮತ್ತೆಂತ? ನೀರು ಕಡಿಮೆ ಆದಾಗ ಮನುಷ್ಯ ಮೊದಲು ಹುಡುಕುದು ಕಳ್ಳನನ್ನು, ನಾವೂ ಅದನ್ನೇ ಮಾಡಿದ್ದು. ಬರ ಬಂದ ಕಡೆ ಎಲ್ಲ ಯುದ್ಧ ಆಗ್ತದೆ ಅಂತ ನಾನು ಹೇಳುದಿಲ್ಲ, ಅಷ್ಟು ಸುಲಭ ಇಲ್ಲ ಅದು. ಆದ್ರೆ ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ ಸುಳ್ಯ ದಾಟಿ ಇಲ್ಲಿ ಚಂದ್ರಗಿರಿ ಆಗಿ ಸಮುದ್ರ ಸೇರ್ತದೆ, ಎರಡು ರಾಜ್ಯದ ಹೊಳೆ ಅದು, ಗಡಿಯಲ್ಲಿ ಕೂತ ನಮಗೆ ನೀರಿನ ಲೆಕ್ಕ ಎಷ್ಟು ಸೂಕ್ಷ್ಮ ಅಂತ ಯಾರೂ ಹೇಳಿಕೊಡ್ಬೇಕಾಗಿಲ್ಲ.

ಭಾವನ ಎರಡನೇ ಮಾತು, ವಿಜ್ಞಾನಕ್ಕೆ ಬೇರೆ ಪ್ರಶಸ್ತಿ ಉಂಟಲ್ಲ. ಉಂಟು. 2021ರಲ್ಲಿ ಭೌತಶಾಸ್ತ್ರದ ನೊಬೆಲ್‌ನಲ್ಲಿ ಸ್ಯುಕುರೊ ಮನಾಬೆ, ಕ್ಲೌಸ್ ಹಾಸೆಲ್‌ಮನ್ ಇಬ್ಬರಿಗೆ ಹವಾಮಾನದ ಮಾಡೆಲ್ ಮಾಡಿದ್ದಕ್ಕೆ ಪಾಲು ಸಿಕ್ಕಿತು, ಓಝೋನ್ ಕೆಲಸಕ್ಕೆ 1995ರಲ್ಲಿ ರಸಾಯನಶಾಸ್ತ್ರದ್ದು. ಅದು ಕಂಡುಹಿಡಿದದ್ದಕ್ಕೆ. ಕಂಡುಹಿಡಿದದ್ದನ್ನು ಜನರ ಮುಂದೆ ಇಟ್ಟು ಒಪ್ಪಿಸುದು ಬೇರೆಯೇ ಕೆಲಸ. ಆಲ್‌ಫ್ರೆಡ್ ನೊಬೆಲ್ 1895ರ ಉಯಿಲಿನಲ್ಲಿ ಶಾಂತಿ ಪ್ರಶಸ್ತಿಗೆ ಬರೆದದ್ದು ದೇಶಗಳ ನಡುವಿನ ಸೋದರಭಾವ, ಸೈನ್ಯ ಕಡಿಮೆ ಮಾಡುದು, ಶಾಂತಿ ಸಭೆ ನಡೆಸುದು. ಹವಾಮಾನದ ಶಬ್ದ ಅದರಲ್ಲಿ ಇಲ್ಲ, ಸರಿ. ಗೋಧಿ ಬೆಳೆಯ ಶಬ್ದವೂ ಇಲ್ಲ, ಆದ್ರೂ 1970ರಲ್ಲಿ ಹೆಚ್ಚು ಇಳುವರಿಯ ಗೋಧಿ ತಳಿ ಮಾಡಿದ ನಾರ್ಮನ್ ಬೋರ್ಲಾಗ್ ಅವರಿಗೆ ಕೊಟ್ರು, ಹಸಿದ ಹೊಟ್ಟೆಯಲ್ಲಿ ಸೋದರಭಾವ ನಿಲ್ಲುದಿಲ್ಲ ಅಂತ ಗೊತ್ತಿತ್ತು ಕೊಟ್ಟವರಿಗೆ. ಗಾಂಧೀಜಿಗೆ ಕೊಡದವರು ಈ ಹವಾಮಾನದವರಿಗೆ ಹೇಗೆ ಕೊಟ್ರು ಅಂತಲೂ ಭಾವ ಕೇಳಿದ್ರು, ಆ ನೋವು ನನಗೂ ಉಂಟು, ಐದು ವರ್ಷ ಹೆಸರು ಹೋಗಿತ್ತು, 1948ರಲ್ಲಿ ಅವರು ತೀರಿಹೋದ ಮೇಲೆ ಆ ವರ್ಷ ಯಾರಿಗೂ ಕೊಡ್ಲಿಲ್ಲ. ಆದ್ರೆ ಒಂದು ತಪ್ಪಿಗೆ ಉಳಿದವರನ್ನೆಲ್ಲ ತಳ್ಳಿಹಾಕುದು ನ್ಯಾಯ ಅಲ್ಲ.

ಐಪಿಸಿಸಿಗೆ ತಪ್ಪೇ ಆಗ್ಲಿಲ್ವಾ? ಆಗಿದೆ. ಪ್ರಶಸ್ತಿ ಸಿಕ್ಕಿದ ಅದೇ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ಕ್ಕೆ ಕರಗಿ ಹೋಗ್ಬಹುದು ಅಂತ ಒಂದು ಸಾಲು ಸೇರಿತ್ತು, ಸರಿಯಾದ ಆಧಾರ ಇಲ್ಲದ್ದು. 2010ರ ಜನವರಿಯಲ್ಲಿ ತಪ್ಪಾಯ್ತು ಅಂತ ಒಪ್ಪಿಕೊಂಡ್ರು. ತುಂಬ ಜನ ಆಗ ಪ್ರಶಸ್ತಿ ವಾಪಸ್ ಕೊಡ್ಲಿ ಅಂದ್ರು. ನನಗೆ ಅದು ಓದುವಾಗ ನನ್ನ ಹಲಸಿನ ಮರದಡಿಯ ಪುಟಗಳೇ ನೆನಪಾಗುದು. ಕೆಂಪು ಶಾಯಿ ಹಾಕಿದ್ದು ಇದ್ದ ಕಾರಣ ಹಾಜಿಯವ್ರು ಉಳಿದ ಪುಟಗಳನ್ನು ನಂಬಿದ್ರು.

ಇಲ್ಲಿಯವರೆಗೆ ನನ್ನ ಅಭಿಪ್ರಾಯ ಅಳೆಯುವವರಿಗೆ ಮಾತ್ರ ಕೊಡ್ಬೇಕು, ಭಾಷಣ ಮಾಡುವವರಿಗೆ ಬೇಡ ಅಂತಲೇ ಇತ್ತು. ಅದನ್ನು ಬದಲು ಮಾಡಿದ್ದು ಮನೆಯವಳು. ಭಾವ ಹೋದ ಮೇಲೆ ಅವಳು ಕೇಳಿದ್ಲು, "ಎಂಡೋಸಲ್ಫಾನ್‌ಗೆ ನಿಮ್ಮ ಲೆಕ್ಕದ ಪುಸ್ತಕ ಮಾತ್ರ ಸಾಕಾಗಿತ್ತಾ?" ಎಂಡೋಸಲ್ಫಾನ್ ಅಂದ್ರೆ ಗೇರಿಗೆ ಹೊಡೆದ ಕೀಟನಾಶಕ ವಿಷ. ಅವಳ ತವರು ಪಡ್ರೆ ಕಡೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ, 2000ದವರೆಗೆ, ಮದ್ದು ಬಿಟ್ಟದ್ದು, ತೋಡಿನ ಮೀನು ಸತ್ತದ್ದು, ಜೇನುಗೂಡು ಖಾಲಿ ಆದದ್ದು, ಮತ್ತೆ ಹುಟ್ಟಿದ ಮಕ್ಕಳ ಅವಸ್ಥೆ ಅವಳು ಕಣ್ಣಾರೆ ಕಂಡದ್ದು. ಅಲ್ಲಿ ಬರೆದಿಟ್ಟವರೂ ಇದ್ರು, ಕೂಗಿದವರೂ ಇದ್ರು. ಕೃಷಿ ಇಲಾಖೆಯಲ್ಲಿದ್ದ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ತಡೆ ತಂದ್ರು, ಎಷ್ಟು ವಿರೋಧ ಕಟ್ಟಿಕೊಂಡ್ರು ಆಗ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ, ಬೇಗ ಕರಗಿ ಹೋಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದ್ವು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಬಂತು. ಯಾರೂ ಬೊಬ್ಬೆ ಹಾಕದಿದ್ರೆ ಪಡ್ರೆಯ ಸುದ್ದಿ ಜಿನೀವಾಕ್ಕೆ ಹೋಗ್ತಿತ್ತಾ? ನನಗೆ ಉತ್ತರ ಬರ್ಲಿಲ್ಲ. ಆಲ್ ಗೋರ್ ಅವರ ಅರ್ಧದ ಮೇಲೆ ನನಗಿದ್ದ ಆಕ್ಷೇಪ ಅವತ್ತು ರಾತ್ರಿ ಹೋಯ್ತು.

2004ರಲ್ಲಿ ಸಿಕ್ಕಿದ ಕೀನ್ಯಾದ ವಂಗಾರಿ ಮಾಥಾಯ್ ಅವರಲ್ಲಿ ಈ ಎರಡೂ ಒಟ್ಟಿಗೆ ಇತ್ತು ಅಂತ ನನಗೆ ಕಾಣ್ತದೆ. ಹಳ್ಳಿ ಹೆಂಗಸರು ಬಂದು ತೋಡು ಒಣಗಿತು, ಕಟ್ಟಿಗೆಗೆ ದೂರ ಹೋಗ್ಬೇಕು ಅಂತ ಹೇಳಿದ್ದನ್ನು ಕೇಳಿ 1977ರಲ್ಲಿ ಗ್ರೀನ್ ಬೆಲ್ಟ್ ಚಳುವಳಿ ಸುರು ಮಾಡಿದವರು, ನೆಟ್ಟು ಬದುಕಿದ ಗಿಡಕ್ಕೆ ಹೆಂಗಸರಿಗೆ ಸಣ್ಣ ದುಡ್ಡು ಕೊಡುದು, ಬದುಕಿದ್ದಕ್ಕೆ ಮಾತ್ರ, ಎಣಿಸಿ. ಪ್ರಶಸ್ತಿ ಸಿಗುವ ಹೊತ್ತಿಗೆ ಮೂರು ಕೋಟಿ ಮರ. ನೈರೋಬಿಯ ಉಹುರು ಪಾರ್ಕಿನಲ್ಲಿ 60 ಮಾಳಿಗೆಯ ಕಟ್ಟಡ ಎಬ್ಬಿಸ್ಲಿಕ್ಕೆ ಹೊರಟಾಗ ಸರಕಾರಕ್ಕೆ ಎದುರು ನಿಂತ್ರು, ಪೊಲೀಸರ ಪೆಟ್ಟೂ ತಿಂದಿದ್ದಾರೆ. ಹವಾಮಾನ, ಪರಿಸರ ಅಂತ ಹೇಳಿಕೊಂಡು ಬರುವ ಎಲ್ಲರಿಗೂ ಕೊಡ್ಬೇಕಾಗಿಲ್ಲ, ಇಂತವರಿಗೆ ಕೊಡದಿದ್ರೆ ಯಾರಿಗೆ ಕೊಡುದು? ಗ್ರೇಟಾ ಥನ್‌ಬರ್ಗ್ ಹೆಸರೂ ಬಂದಿತ್ತು. 15 ವರ್ಷಕ್ಕೆ ಸ್ವೀಡನ್ ಸಂಸತ್ತಿನ ಹೊರಗೆ ಒಬ್ಬಳೇ ಬೋರ್ಡ್ ಹಿಡಿದು ಕೂತ ಆ ಹುಡುಗಿಯ ಧೈರ್ಯ ನನಗೆ ದೊಡ್ಡದು, ಆದ್ರೆ ಶಾಂತಿ ಪ್ರಶಸ್ತಿಗೆ ಜಗಳದ ಎರಡೂ ಬದಿಯವರನ್ನು ಒಂದೇ ಚಾವಡಿಗೆ ತಂದು ಕೂರಿಸಿದ ಕೆಲಸ ಕಾಣ್ಬೇಕು ಅಂತ ನನ್ನ ಮನಸ್ಸು.

ಒಂದು ಬೇಜಾರು ಮಾತ್ರ ಹೋಗುದಿಲ್ಲ. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೀಲಿಕ್ಕೆ ಸುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿಗೆ 315 ಪಾಲಿನ ಹತ್ರ ಇತ್ತು, ಪ್ರಶಸ್ತಿ ಕೊಟ್ಟ 2007ರಲ್ಲಿ 380 ದಾಟಿತ್ತು, 2024ಕ್ಕೆ 420 ಕೂಡ ದಾಟಿತು. ಕೀಲಿಂಗ್ 2005ರಲ್ಲಿ ತೀರಿಕೊಂಡ್ರು, ಅವರಿಗೆ ಯಾವ ನೊಬೆಲ್ಲೂ ಸಿಗ್ಲಿಲ್ಲ. ಪ್ರಶಸ್ತಿ ಕೊಡುವ ನಾರ್ವೆ ಈಗಲೂ ಎಣ್ಣೆ, ಗ್ಯಾಸ್ ಮಾರುವ ದೊಡ್ಡ ದೇಶ. ಹಾಗಾದ್ರೆ ಪ್ರಶಸ್ತಿ ವ್ಯರ್ಥವಾ ಅಂದ್ರೆ ಅಲ್ಲ ಅಂತಲೇ ಹೇಳ್ತೇನೆ, 2007ರ ಮೊದಲು ನಮ್ಮೂರಿನ ಚಾದಂಗಡಿಯಲ್ಲಿ ಈ ಮಾತೇ ಇರ್ಲಿಲ್ಲ, ಈಗ ಕೊಳೆರೋಗಕ್ಕೆ ಮದ್ದು ಬಿಡುವ ಹುಡುಗರೂ ಮಳೆ ಯಾಕೆ ಹೀಗಾಯ್ತು ಅಂತ ಮಾತಾಡ್ತಾರೆ. 2025ರಲ್ಲಿ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಜಾಲಿನಲ್ಲಿದ್ದ ಅಡಿಕೆ ಎತ್ತಿ ಆಗಿರ್ಲಿಲ್ಲ ನಮ್ಮದು.

ಇನ್ನು ಸಾಮಾನಿನ ದೋಷ. ಬಿಸಿಲಿಗೆ ಹೊರಕೊಳವೆ ಎರಡನೇ ವರ್ಷಕ್ಕೆ ಹಳದಿ ಆಗಿ ಮೂರನೇ ವರ್ಷ ಬುಡದಲ್ಲಿ ಸಣ್ಣ ಬಿರುಕು ಬಂತು, ಬೇಸಗೆಯಲ್ಲಿ ಒಳಗೆ ತೆಗೆದಿಡಿ. ಗೆರೆಗಳ ಬಣ್ಣ ಮಾಸ್ತದೆ, ನಾನು ಬ್ಲೇಡಿನಲ್ಲಿ ಗೀರಿ ಪುನಃ ಶಾಯಿ ತುಂಬಿದೆ. ಆಲಿಕೆಯ ತೂತು ಸಣ್ಣದು, ಒಂದು ನೆಲ್ಲಿ ಎಲೆ ಬಿದ್ರೂ ಕಟ್ಟಿ ಹೋಗ್ತದೆ, ವಾರಕ್ಕೊಮ್ಮೆ ನೋಡ್ಬೇಕು. ಒಳಗೆ ಪಾಚಿ ಹಿಡೀತದೆ, ಬಾಟಲಿ ತೊಳೆಯುವ ಬ್ರಷ್ ಸಾಕು, ಸೋಪು ಹಾಕ್ಬೇಡಿ. ಮಳೆ ಇಲ್ಲದ ವಾರದಲ್ಲಿ ಇರುವೆ ಗೂಡು ಕಟ್ಟಿದ್ದೂ ಉಂಟು. ಜೊತೆಗೆ ಕೊಟ್ಟ ಸ್ಕ್ರೂ ತುಕ್ಕು ಹಿಡಿದು ಹೋಯ್ತು, ಪೇಟೆಯಿಂದ ಸ್ಟೀಲಿನದ್ದು ತಂದು ಹಾಕಿ. ಕಂಪೆನಿಗೆ ಬಿರುಕಿನ ಫೋಟೋ ಕಳಿಸಿದೆ, ಉತ್ತರ ಇಲ್ಲ, ಅದಕ್ಕೆ ಒಂದು ಸ್ಟಾರ್ ಕಡಿಮೆ, ನಾಲ್ಕು ಕೊಡ್ತೇನೆ. ಡಿಜಿಟಲ್ ತಗೊಳ್ಳುದಾ ಅಂತ ಕೇಳುವವರಿಗೆ, ನಮ್ಮ ಮಳೆಗೆ ಬ್ಯಾಟರಿ ನಂಬ್ಲಿಕ್ಕೆ ಆಗುದಿಲ್ಲ, ಇದೇ ಸಾಕು.

ಮೊನ್ನೆ ಎರಡನೆಯದು ಆರ್ಡರ್ ಮಾಡಿದೆ. ಅದು ತೋಡಿನಾಚೆಗೆ. "ಭಟ್ರೇ, ನಿಮ್ಮ ಪುಸ್ತಕ ನಂಬ್ತೇನೆ, ಆದ್ರೂ ಈ ಸಲ ನಮ್ಮಲ್ಲಿಯೂ ಒಂದು ಇರ್ಲಿ, ಬರೀಲಿಕ್ಕೆ ಮೊಮ್ಮಗಳು ಉಂಟು" ಅಂತ ಹಾಜಿಯವ್ರು ಹೇಳಿದ್ರು. ಜಿಐ ಪೈಪ್ ತಂದಾಗಿದೆ, ಆ ಹುಡುಗಿ ಮೊದಲು ಕೇಳಿದ್ದೇ ಹಲಸಿನ ಮರದಿಂದ ಎಷ್ಟು ದೂರ ಹುಗೀಬೇಕು ಅಂತ.